ಎತ್ತಿನ ರಜೆ, ಮ್ಯೂಸಿಯಂ ರಜೆ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ, ಆ ಮೊಳೆಗೆ ಒಂದು ಹಸಿರು ಕೈಚೀಲ. ಯಾವುದೋ ವರ್ಷ ಬೀಜದ ಅಂಗಡಿಯವರು ಗೋವಿನಜೋಳದ ಬೀಜದ ಜೊತೆ ಕೊಟ್ಟದ್ದು. ಮನೆಯಲ್ಲಿ ಇದಕ್ಕೆ ಮ್ಯೂಸಿಯಂ ಚೀಲ ಎನ್ನುತ್ತಾರೆ. ಸಂಪಗಾಂವದಂಥ ಊರಿನಲ್ಲಿ, ಹೊಲ, ಎಮ್ಮೆ, ಒಲೆ ಎಂದು ದಿನ ಕಳೆಯುವ ನನ್ನಂಥವಳ ಮನೆಯಲ್ಲಿ ಈ ಹೆಸರಿನ ಚೀಲವೇ ಎಂದು ನಿಮಗೆ ನಗು ಬರಬಹುದು. ನಕ್ಕುಬಿಡಿ. ನಮ್ಮ ಮನೆಯವರು ಈಗಾಗಲೇ ಸಾಕಷ್ಟು ನಕ್ಕಿದ್ದಾರೆ.

ಚೀಲದಲ್ಲಿ ವಿಶೇಷವೇನೂ ಇಲ್ಲ. ನೆಲಕ್ಕೆ ಹಾಸಲು ಹಳೆಯ ಸೀರೆಯ ಅರ್ಧ, ನೀರಿನ ಬಾಟಲಿ, ಬಸ್ಸಿನಲ್ಲಿ ಹೊಟ್ಟೆ ತೊಳಸಿದರೆ ಮೂಸಲು ಒಂದು ನಿಂಬೆಹಣ್ಣು, ಕಿಟಕಿಯಿಂದ ಸೀಟಿನ ಮೇಲೆ ಎಸೆಯಲು ಒಂದು ಟವೆಲ್. ಟವೆಲಿನ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು. ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ಬೈಲಹೊಂಗಲದ ಬಸ್‌ಸ್ಟ್ಯಾಂಡಿನಲ್ಲಿ ಕರವಸ್ತ್ರಕ್ಕೆ ಬೆಲೆಯಿಲ್ಲ. ನೀವು ಎಸೆದ ಕರವಸ್ತ್ರವನ್ನು ಅಚ್ಚುಕಟ್ಟಾಗಿ ಮಡಚಿ ನಿಮ್ಮ ಕೈಗೇ ಕೊಟ್ಟು ಕೂತುಬಿಡುತ್ತಾರೆ. ಎಸೆಯುವುದಾದರೆ ಒದ್ದೆ ಟವೆಲ್ ಎಸೆಯಬೇಕು. ಒದ್ದೆ ಟವೆಲಿನ ಮೇಲೆ ಯಾವ ತಾಯಿಯೂ ಕೂರುವುದಿಲ್ಲ. ಇದನ್ನು ನಾನೇ ಕಂಡುಹಿಡಿದದ್ದು. ನನ್ನ ಆಯುಷ್ಯದಲ್ಲಿ ನಾನು ಮಾಡಿದ ಸಂಶೋಧನೆ ಇದೊಂದೇ.

ಸೀರೆಯ ತುಂಡು, ಟವೆಲ್ ಹಾಗೇ ಇರುತ್ತಿದ್ದವು. ನಿಂಬೆಹಣ್ಣು ಒಣಗಿ ಗೋಲಿಯಂತಾಗುತ್ತಿತ್ತು. ಆಗ ಅದನ್ನು ಎಸೆದು ಹೊಸದನ್ನು ಇಡುತ್ತಿದ್ದೆ. ಹೀಗೆ ಎಷ್ಟು ನಿಂಬೆಹಣ್ಣು ಬದಲಾದವೋ. ಕೆಲಸ ಇದ್ದದ್ದು ಒಂದೇ: ನನ್ನ ಅವ್ವನನ್ನು ಒಂದು ಸಲ ಕಿತ್ತೂರಿನ ಕೋಟೆಯೊಳಗಿನ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗುವುದು. ಆಕೆಯ ಕಣ್ಣು ಪೂರ್ತಿ ಹೋಗುವ ಮುಂಚೆ.

ಅವ್ವ ಇರುವುದು ಸುರೇಬಾನದಲ್ಲಿ, ನನ್ನ ತಮ್ಮನ ಸಂಸಾರದ ಜೊತೆ. ಕಣ್ಣಿನ ನರ ಒಣಗುತ್ತ ಹೊರಟಿದೆ, ಹಾಕುವ ಹನಿ ಅದನ್ನು ತಡವಾಗಿಸಬಹುದೇ ಹೊರತು ನಿಲ್ಲಿಸಲಾರದು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಅವ್ವ ಅದನ್ನು ಕೇಳಿ ಅಳಲಿಲ್ಲ. ಮನೆಗೆ ಬಂದು, ಕಣ್ಣಿರುವಾಗ ಮಾಡಬೇಕಾದ ಕೆಲಸ ಯಾವ್ಯಾವವು ಎಂದು ತಾನೇ ವಿಂಗಡಿಸಿಕೊಂಡಳಂತೆ. ಹಪ್ಪಳ, ಸಂಡಿಗೆ, ಕೌದಿ ಹೊಲಿಯುವುದು ಇವನ್ನೆಲ್ಲ ಸೊಸೆಗೆ ಬಿಟ್ಟಳು. ಮೊಮ್ಮಕ್ಕಳ ಮುಖ ದಿನಾ ಕಾಣುತ್ತಿದ್ದವು. ಉಳಿದದ್ದು ಕೈಯವ್ವ.

ಕೈಯವ್ವ ಎಂದರೆ ಒಂದು ಕಲ್ಲು. ಸುರೇಬಾನದ ನಮ್ಮ ಹೊಲದೊಳಗೆ, ಬದುವಿನ ಪಕ್ಕ ಎದೆಮಟ್ಟಕ್ಕೆ ನಿಂತಿತ್ತು. ಕಲ್ಲಿನ ಮೈಯಲ್ಲಿ ಒಂದು ಕಂಬ, ಆ ಕಂಬದಿಂದ ಹೊರಟ ಹೆಣ್ಣಿನ ತೋಳು, ಮೊಣಕೈಯಲ್ಲಿ ಮಡಚಿ ಮೇಲೆತ್ತಿದ ಅಂಗೈ, ಮಣಿಕಟ್ಟಿನ ತುಂಬ ಬಳೆ. ಓದಿದವರು ಇದಕ್ಕೆ ಮಾಸ್ತಿಕಲ್ಲು ಎನ್ನುತ್ತಾರೆ, ಗಂಡನ ಚಿತೆಯೇರಿದವಳ ಗುರುತು ಎನ್ನುತ್ತಾರೆ. ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಕೈ ಇತ್ತು, ಆದ್ದರಿಂದ ಕೈಯವ್ವ. ಮದುವೆಯಾಗಿ ಬಂದ ಹೊಸದರಲ್ಲಿ ಅವ್ವನಿಗೆ ಆ ಊರಿನಲ್ಲಿ ಮಾತಾಡಲು ಯಾರೂ ಇರಲಿಲ್ಲವಂತೆ. ಬುತ್ತಿಯ ಬುಟ್ಟಿಯನ್ನು ಕಲ್ಲಿನ ಬುಡದಲ್ಲಿಳಿಸಿ ಅಲ್ಲೇ ಸುಧಾರಿಸಿಕೊಳ್ಳುವಾಗ ಎಲ್ಲ ಸುದ್ದಿಯನ್ನೂ ಅದಕ್ಕೇ ಹೇಳುತ್ತಿದ್ದಳಂತೆ. ನನ್ನ ಜೋಳಿಗೆ ಕಟ್ಟುತ್ತಿದ್ದದ್ದು ಒಂದು ತುದಿ ಬನ್ನಿಗಿಡಕ್ಕೆ, ಇನ್ನೊಂದು ತುದಿ ಕೈಯವ್ವನ ಕೊರಳಿಗೆ. ಅಂದರೆ ನನ್ನನ್ನು ತೂಗಿದ ಪುಣ್ಯದಲ್ಲಿ ಅರ್ಧ ಪಾಲು ಆ ಕಲ್ಲಿಗೂ ಸಲ್ಲಬೇಕು.

ಅದನ್ನು ಒಯ್ದ ದಿನ ನನಗೆ ಮಸುಕಾಗಿ ನೆನಪಿದೆ. ನಾನಿನ್ನೂ ಸಾಲೆಗೆ ಹೋಗುತ್ತಿರಲಿಲ್ಲ. ಒಂದು ಲಾರಿ ಬಂತು. ಪ್ಯಾಂಟು ಹಾಕಿದ ಕೆಲವರು ಬಂದು, ಇದು ಹಳೇ ಕಾಲದ್ದು, ಇಲ್ಲಿ ಬಿಸಿಲು ಮಳೆಗೆ ಹಾಳಾಗುತ್ತದೆ, ನೆರಳಿನಲ್ಲಿಟ್ಟು ಕಾಪಾಡುತ್ತೇವೆ ಎಂದು ಅಪ್ಪನಿಗೆ ತಿಳಿಸಿ ಹೇಳಿದರು. ಅಪ್ಪನಿಗೆ ಬಲು ಸಂತೋಷವಾಯಿತು. ಸರಕಾರದವರು ನಮ್ಮ ಹೊಲ ಹುಡುಕಿಕೊಂಡು ಬಂದರಲ್ಲ ಎಂದು ಅವರಿಗೆಲ್ಲ ಕಬ್ಬಿನ ಹಾಲು ಕುಡಿಸಿದ. ಲಾರಿಯಲ್ಲಿ ಹುಲ್ಲು ಹಾಸಿ ಕಲ್ಲನ್ನು ಅಂಗಾತ ಮಲಗಿಸಿದ್ದರು. ಎಂಜಿನ್ ಶುರುವಾದಾಗ ಅವ್ವ ಮನೆಯಿಂದ ಓಡುತ್ತ ಬಂದಳು. ಕೈಯಲ್ಲಿ ಖಣ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ. ಲಾರಿಯ ಮೇಲೆ ಹತ್ತಿ, ಗಂಡನ ಮನೆಗೆ ಹೊರಟ ಮಗಳಿಗೆ ಉಡಿ ತುಂಬುವಂತೆ ಆ ಕಲ್ಲಿಗೆ ಉಡಿ ತುಂಬಿದಳು. ಪ್ಯಾಂಟಿನವರು ನಗಲಿಲ್ಲ, ಟೋಪಿ ತೆಗೆದು ನಿಂತರು ಎಂದು ಅಪ್ಪ ಆಮೇಲೂ ಹೇಳುತ್ತಿದ್ದ. ಎಲ್ಲಿಗೆ ಒಯ್ದರು ಎಂದು ಕೇಳಿದವರಿಗೆಲ್ಲ, ಕಿತ್ತೂರಿಗೆ, ಕೋಟೆಯೊಳಗೆ ಎಂದು ಎದೆಯುಬ್ಬಿಸಿ ಹೇಳುತ್ತಿದ್ದ.

ಕಲ್ಲು ಹೋದ ಮೇಲೂ ಬಹಳ ವರ್ಷ ನಮ್ಮ ಕೂರಿಗೆ ಆ ಜಾಗವನ್ನು ಬಳಸಿಕೊಂಡೇ ಹೋಗುತ್ತಿತ್ತು. ಏನೂ ಇಲ್ಲದ ಜಾಗಕ್ಕೆ ಎತ್ತುಗಳು ದಾರಿ ಬಿಡುತ್ತಿದ್ದವು.

ಹಾಗಾದರೆ ಇಷ್ಟು ವರ್ಷ ಯಾಕೆ ಹೋಗಲಿಲ್ಲ ಎಂದು ನೀವು ಕೇಳಬಹುದು. ಕಿತ್ತೂರು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಓಡಿಹೋಗುವುದು ಕಣ್ಣು ಎಂದು ಯಾರಿಗೂ ಹೊಳೆಯಲಿಲ್ಲ. ಜೊತೆಗೆ ಅವ್ವನದೊಂದು ಹಟ. ಒಬ್ಬರೋ ಇಬ್ಬರೋ ಹೋಗಿ ನೋಡಿ ಬರುವಂತಿಲ್ಲ, ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋಗಬೇಕು. ಕೊಟ್ಟ ಮಗಳನ್ನು ನೋಡಲು ಒಬ್ಬೊಬ್ಬರೇ ಹೋಗುತ್ತಾರೇನು ಎಂದು ಕೇಳುತ್ತಿದ್ದಳು.

ಆಮೇಲೆ ಒಂದು ದಿನ ನನ್ನ ಮಗಳು ಅಕ್ಷತಾ ಬೈಲಹೊಂಗಲದ ಕಾಲೇಜಿನವರ ಜೊತೆ ಕಿತ್ತೂರಿಗೆ ಹೋಗಿ ಬಂದಳು. ಫೋನಿನ ತುಂಬ ಗೆಳತಿಯರ ಫೋಟೋ. ಅವುಗಳ ನಡುವೆ ಒಂದು ಕಲ್ಲಿನ ಕೈ. ಮೇಲೆತ್ತಿದ ಅಂಗೈ, ಮಣಿಕಟ್ಟಿನ ತುಂಬ ಬಳೆ. ಮುಂದಿನ ಸಲ ಸುರೇಬಾನಕ್ಕೆ ಹೋದಾಗ ಅದನ್ನು ಅವ್ವನಿಗೆ ತೋರಿಸಿದೆ. ಅವ್ವ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಒಮ್ಮೆ ಎಡಗಣ್ಣಿಗೆ, ಒಮ್ಮೆ ಬಲಗಣ್ಣಿಗೆ ತಂದು ನೋಡಿದಳು. ಆಕೆಯ ಉಸಿರಿಗೆ ಗಾಜು ಮಸುಕಾಯಿತು. ಸೆರಗಿನಿಂದ ಒರೆಸಿ ಮತ್ತೆ ನೋಡಿದಳು.

“ಆಕಿನ,” ಎಂದಳು. “ಬಳಿ ನೋಡು. ಆಕಿನ.”

ಅವತ್ತೇ ಊರಿಗೆ ಬಂದು ಚೀಲ ಕಟ್ಟಿ ಮೊಳೆಗೆ ಹಾಕಿದ್ದು.

ಇನ್ನು ನಮ್ಮ ಮನೆಯ ವಾರದ ಬಗ್ಗೆ ಹೇಳಬೇಕು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ಆ ದಿನ ಎತ್ತಿನ ಮೈ ತೊಳೆದು, ಹಿಂಡಿ ಹಾಕಿ, ನೆರಳಿಗೆ ಕಟ್ಟುವುದು. ನಮ್ಮ ಮನೆಯಲ್ಲಿ ಎತ್ತು ಮಾರಿ ಟ್ರ್ಯಾಕ್ಟರ್ ತಂದು ಎಷ್ಟೋ ಕಾಲವಾಯಿತು. ಆದರೂ ಸೋಮವಾರ ನಮ್ಮ ಮನೆಯವರು ಅದರ ಕೀಲಿ ಮುಟ್ಟುವುದಿಲ್ಲ. ಬೆಳಗ್ಗೆ ಎದ್ದು ಅದಕ್ಕೂ ನೀರು ಹಾಕಿ ತೊಳೆದು, ಎರಡು ಗೆರೆ ವಿಭೂತಿ ಎಳೆದು, ತಾವೂ ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಾರೆ. ಉಳಿದ ದಿನ ಹೊಲದ ಕೆಲಸ, ನೀರಿನ ಪಾಳಿ, ಕಬ್ಬು ಕಡಿಯುವವರ ಬೆನ್ನು ಹತ್ತುವುದು ಎಂದು ಅವರು ಕೈಗೆ ಸಿಗುವುದಿಲ್ಲ. ಮದುವೆಗೆ ಹೋಗುವುದು, ಸತ್ತವರ ಮನೆಗೆ ಮಾತಾಡಿಸಲು ಹೋಗುವುದು, ಹೆಣ್ಣು ನೋಡುವುದು, ಹಲ್ಲು ಕೀಳಿಸಿಕೊಳ್ಳುವುದು ಎಲ್ಲ ಸೋಮವಾರವೇ. ಹಾಗಾಗಿ ಮ್ಯೂಸಿಯಂ ಕೂಡ ಸೋಮವಾರವೇ ಎಂದು ಗೊತ್ತುಮಾಡಲು ನಾನು ಎರಡು ಸಲ ಯೋಚಿಸಲಿಲ್ಲ.

ಯೋಚಿಸಿದ್ದೆಲ್ಲ ಬಸ್ಸಿನ ಬಗ್ಗೆ. ಸುರೇಬಾನದಿಂದ ರಾಮದುರ್ಗಕ್ಕೆ, ರಾಮದುರ್ಗದಿಂದ ಸವದತ್ತಿಗೆ, ಸವದತ್ತಿಯಿಂದ ಬೈಲಹೊಂಗಲಕ್ಕೆ, ಬೈಲಹೊಂಗಲದಿಂದ ಕಿತ್ತೂರಿಗೆ. ಒಂದು ಬಸ್ಸಿಗೆ ಇನ್ನೊಂದು ಬಸ್ಸನ್ನು ಗಂಟುಹಾಕುವುದು ಹರಿದ ಸರಕ್ಕೆ ಮಣಿ ಪೋಣಿಸಿದಂತೆ. ಒಂದು ಜಾರಿದರೆ ಎಲ್ಲವೂ ಜಾರಿದಂತೆ. ತಮ್ಮನಿಗೆ ಫೋನು ಮಾಡಿ ರಾಮದುರ್ಗದ ವೇಳೆ ಕೇಳಿದೆ. ಪಕ್ಕದ ಮನೆಯ ಹೆಂಗಸಿನ ತವರು ಸವದತ್ತಿ, ಅವಳನ್ನು ಕೇಳಿದೆ. ಕಿತ್ತೂರಿನ ವೇಳೆಯನ್ನು ಬೈಲಹೊಂಗಲದ ಕಂಡಕ್ಟರ್ ಒಬ್ಬನಿಗೆ ಕೇಳಿದೆ. ಮತ್ತೊಮ್ಮೆ ಇನ್ನೊಬ್ಬನಿಗೆ ಕೇಳಿ ಖಾತ್ರಿ ಮಾಡಿಕೊಂಡೆ. ಕೊನೆಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಅಪರಿಚಿತರು ನನ್ನನ್ನೇ ಕೇಳತೊಡಗಿದರು, ನಾನು ಎದೆಯುಬ್ಬಿಸಿ ಉತ್ತರಿಸತೊಡಗಿದೆ. ಅಪ್ಪನ ಮಗಳಲ್ಲವೇ.

ಮ್ಯೂಸಿಯಂ ಎಂದರೇನು ಎಂಬ ಚರ್ಚೆಯೂ ನಮ್ಮ ಕಟ್ಟೆಯ ಮೇಲೆ ನಡೆಯಿತು. ಹಳೇ ಸಾಮಾನು ನೋಡಲು ಅಷ್ಟು ದೂರ ಯಾಕೆ, ಅಟ್ಟ ಹತ್ತಿದರೆ ಸಾಲದೇ ಎಂದು ನಮ್ಮವರು ತೆಗೆದರು. ಅಟ್ಟದ ಮೇಲೆ ಅವರ ಅಜ್ಜನ ಕಾಲದ ತೊಗಲಿನ ಮಿಣಿ, ಬಾರುಕೋಲು, ತೂತು ಬಿದ್ದ ಹಂಡೆ ಇವೆ, ನಿಜ. ಆದರೆ ಅವುಗಳ ಪಕ್ಕದಲ್ಲಿ ಹೆಸರು ಬರೆದಿಟ್ಟಿಲ್ಲವಲ್ಲ ಎಂದೆ. ಅದಕ್ಕೆ ಅವರು, “ಹಂಗಾದ್ರ ನನ್ನ ಮುಂದೂ ಒಂದು ಪಾಟಿ ಬರದ ಇಡಬೇಕಾಕ್ಕೈತಿ ನೀ,” ಎಂದರು.

ಅವ್ವ ಶನಿವಾರವೇ ಬಂದಳು. ಆಗ ಆಕೆಗೆ ಬಾಗಿಲಿನಲ್ಲಿ ನಿಂತವರು ಯಾರೆಂದು ಗೊತ್ತಾಗುತ್ತಿತ್ತು. ಸೀರೆಯ ಬಣ್ಣ ಹೇಳುತ್ತಿದ್ದಳು, ಹಸಿರು ನೀಲಿ ಮಾತ್ರ ಕಲೆಸಿಹೋಗುತ್ತಿದ್ದವು. ಕಲ್ಲಿನ ಕೈ ಕಾಣಲು ಅಷ್ಟು ಕಣ್ಣು ಸಾಕಿತ್ತು. ಸೋಮವಾರ ಬೆಳಗ್ಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಎಣ್ಣೆಗಾಯಿ, ಮೊಸರು ಕಟ್ಟಿಕೊಂಡು ನಾನು, ಅವ್ವ, ಅಕ್ಷತಾ, ನಮ್ಮವರು ಹೊರಟೆವು. ಒದ್ದೆ ಟವೆಲ್ ಚೆನ್ನಾಗಿ ಕೆಲಸ ಮಾಡಿತು. ಅವ್ವನಿಗೆ ಕಿಟಕಿಯ ಸೀಟು. ನಾನು ಚಿಕ್ಕವಳಿದ್ದಾಗ ತೊರಗಲ್ಲಿನ ಕೋಟೆ ನೋಡಲು ಹೋದಾಗಲೂ ಅವ್ವ ನನ್ನನ್ನು ಹೀಗೇ ಕಿಟಕಿಗೆ ಕೂರಿಸಿ, ಹೊರಗೆ ಹಣಿಕಿ ಹಾಕದಂತೆ ಲಂಗದ ದಾರ ಹಿಡಿದುಕೊಂಡಿದ್ದಳು. ಅವತ್ತು ನಾನು ಕೋಟೆ ನೋಡಿದ್ದು ನೆನಪಿಲ್ಲ, ಬಸ್ಸಿನಿಂದ ಕಂಡ ಕೋತಿಯೊಂದು ನೆನಪಿದೆ. ಈ ಸಲ ಅವ್ವನ ಸೆರಗಿನ ತುದಿ ನನ್ನ ಕೈಯಲ್ಲಿತ್ತು.

ಕೋಟೆಯ ಹೆಬ್ಬಾಗಿಲು ತೆರೆದಿತ್ತು. ಬಿದ್ದ ಅರಮನೆಯ ಗೋಡೆಗಳ ನಡುವೆ ಹುಡುಗರು ಫೋಟೋ ತೆಗೆದುಕೊಳ್ಳುತ್ತಿದ್ದರು. ಮ್ಯೂಸಿಯಮ್ಮಿನ ಬಾಗಿಲಿಗೆ ಬೀಗ. ಗಿಡದ ನೆರಳಿನಲ್ಲಿ ಕೂತಿದ್ದ ಕಾವಲಿನವನು ಎದ್ದು ಬಂದು, ಇವತ್ತು ಸೋಮವಾರ, ಸೋಮವಾರ ಯಾವಾಗಲೂ ಬಂದ್ ಇರುತ್ತದೆ ಎಂದ. ಮರುದಿನ ಬರಬೇಕೆಂದು ಮೆಲ್ಲಗೇ ಹೇಳಿದ.

ನಮ್ಮವರಿಗೆ ಅದು ತಲೆಗೇ ಹೋಗಲಿಲ್ಲ. “ಸೋಮವಾರ ಹೆಂಗ ಬಂದ್ ಇಡತೀರಿ? ಸೋಮವಾರ ಎತ್ತ ಹೂಡಂಗಿಲ್ಲ, ಮಂದಿ ಬರೂದ ಅವತ್ತು.”

“ನಾವೂ ಎತ್ತ ಇದ್ದಂಗ ಅಲ್ಲೇನ್ರಿ ಯಜಮಾನ್ರ,” ಎಂದ ಕಾವಲಿನವನು. “ನಮಗೂ ಒಂದಿನ ಬಿಡಬೇಕಲ್ರಿ.”

ನಮ್ಮವರು ಬುತ್ತಿಯ ಚೀಲ ಎತ್ತಿಕೊಂಡು ಹಿಂದೆ ತಿರುಗಿದರು. ಸೋಮವಾರದ ಎತ್ತನ್ನು ಎಬ್ಬಿಸುವವರಲ್ಲ ಅವರು.

ಬಸ್ಸಿನ ವೇಳೆಯನ್ನೆಲ್ಲ ಬಾಯಿಪಾಠ ಮಾಡಿದ್ದ ನಾನು, ಆ ಬಾಗಿಲು ಯಾವತ್ತು ತೆರೆಯುತ್ತದೆ ಎಂದು ಯಾರನ್ನೂ ಕೇಳಿರಲಿಲ್ಲ. ನಮಗೆ ರಜೆ ಎಂದರೆ ನೋಡಲು ಹೋಗುವ ದಿನ. ತೋರಿಸುವವರಿಗೂ ಅವತ್ತೇ ರಜೆಯಿರಬಹುದು ಎಂಬುದು ನನ್ನ ಬುದ್ಧಿಗೆ ನಿಲುಕಿರಲಿಲ್ಲ. ಆಮೇಲೆ ಅಕ್ಷತಾ ಫೋನಿನಲ್ಲಿ ಹುಡುಕಿ, ಕೆಲವು ಕಡೆ ಸೋಮವಾರ, ಕೆಲವು ಕಡೆ ಶುಕ್ರವಾರ ರಜೆ ಎಂದಳು. ಸೋಮವಾರ ಶಿವನ ವಾರ, ಶುಕ್ರವಾರ ದೇವಿಯ ವಾರ. ಊರೂರಿನ ದೇವರನ್ನೆಲ್ಲ ಒಳಗಿಟ್ಟುಕೊಂಡು ಅವರವರ ವಾರದಂದೇ ಬೀಗ ಹಾಕುವುದು ಯಾವ ಪದ್ಧತಿಯೋ ತಿಳಿಯದು.

ಅರಮನೆಯ ಅಡಿಪಾಯದ ಕಲ್ಲಿನ ಮೇಲೆ ಸೀರೆ ಹಾಸಿ ಉಂಡೆವು. ಅವ್ವ ಬೀಗ ಹಾಕಿದ ಕಟ್ಟಡದ ಕಡೆಗೇ ಮುಖ ಮಾಡಿ ಕೂತಿದ್ದಳು. ಮನೆಯೊಳಗೆ ಮಗಳಿರುವುದು ಗೊತ್ತಿದ್ದೂ ಬೀಗರು ಬಾಗಿಲು ತೆರೆಯದಿದ್ದರೆ ತಾಯಿಯೊಬ್ಬಳು ಹೇಗೆ ಕೂರುತ್ತಾಳೋ ಹಾಗೆ. ಇನ್ನೊಮ್ಮೆ ಬಂದರಾಯಿತು ಎಂದು ನಾವು ಮೂವರೂ ಬೇರೆಬೇರೆ ರೀತಿಯಲ್ಲಿ ಹೇಳಿದೆವು. ಅವ್ವ ಹೂಂ ಎಂದಳು. ರೊಟ್ಟಿ ಅರ್ಧ ಉಳಿಸಿದಳು.

ಇನ್ನೊಮ್ಮೆ ಎಂಬುದು ಎಷ್ಟು ದೂರದ ಊರು ಎಂದು ನನಗೆ ಆಮೇಲೆ ಗೊತ್ತಾಯಿತು. ಮುಂದಿನ ವಾರದಿಂದ ಕಬ್ಬಿನ ಕಟಾವು ಶುರುವಾಯಿತು. ಆಮೇಲೆ ಅಕ್ಷತಾಳ ಪರೀಕ್ಷೆ. ಆಮೇಲೆ ತಮ್ಮನ ಮನೆಯಲ್ಲಿ ಎಮ್ಮೆ ಈಯಿತು. ಒಂದೊಂದು ಕಾರಣವನ್ನೂ ಬಿಡಿಯಾಗಿ ತೆಗೆದು ನೋಡಿದರೆ ಯಾರನ್ನೂ ಬೈಯುವಂತಿರಲಿಲ್ಲ. ಪ್ರತಿ ಸೋಮವಾರ ನಮ್ಮವರು ಟ್ರ್ಯಾಕ್ಟರಿಗೆ ವಿಭೂತಿ ಹಚ್ಚಿ, ಕಟ್ಟೆಯ ಮೇಲೆ ಪೂರ್ತಿ ಖಾಲಿಯಾಗಿ ಕೂತಿರುತ್ತಿದ್ದರು. ಇಡೀ ವಾರದಲ್ಲಿ ನಮಗೆ ಸಿಗುವ ಒಂದೇ ದಿನ, ಅದೇ ಬೀಗದ ದಿನ.

ಕಡೆಗೊಂದು ಭಾನುವಾರ ಗಟ್ಟಿಮಾಡಿದೆ. ಕಬ್ಬಿನವರನ್ನು ಭಾವನ ಮಗನಿಗೆ ಒಪ್ಪಿಸಿ ಬರುತ್ತೇನೆ ಎಂದು ನಮ್ಮವರು ಒಪ್ಪಿದರು. ಸುರೇಬಾನದಿಂದ ನನ್ನ ತಮ್ಮನು ಅವ್ವನನ್ನು ಕರೆದುಕೊಂಡು ಬೆಳಗ್ಗೆಯೇ ಹೊರಡುವುದು, ನಾವು ಬೈಲಹೊಂಗಲದಲ್ಲಿ ಕೂಡಿಕೊಳ್ಳುವುದು. ಎಲ್ಲವನ್ನೂ ನೋಡಿದ್ದೆ, ಹುಣ್ಣಿಮೆಯನ್ನು ನೋಡಿರಲಿಲ್ಲ. ಹುಣ್ಣಿಮೆಗೆ ಸವದತ್ತಿ ಹೇಗಿರುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಎಲ್ಲಿಂದೆಲ್ಲಿಂದಲೋ ಬಂದ ಮಂದಿ, ದೇವಿಯ ಹಡಲಿಗೆ ಬುಟ್ಟಿ, ಭಂಡಾರ, ತಲೆಯ ಮೇಲೆ ಗಂಟು, ಬಂದ ಬಸ್ಸೆಲ್ಲ ಯಲ್ಲಮ್ಮನ ಗುಡ್ಡಕ್ಕೆ. ಬೈಲಹೊಂಗಲದ ಕಡೆ ಬರುವ ಬಸ್ಸಿನ ಬಾಗಿಲ ಹತ್ತಿರ ಅವ್ವನನ್ನು ಒಯ್ಯುವುದೂ ತಮ್ಮನಿಂದ ಆಗಲಿಲ್ಲ. ನಾನು ಬೈಲಹೊಂಗಲದಲ್ಲಿ ಬುತ್ತಿಯ ಚೀಲ ತೊಡೆಯ ಮೇಲಿಟ್ಟುಕೊಂಡು, ಬಂದ ಪ್ರತಿ ಬಸ್ಸಿನ ಹಣೆ ಓದುತ್ತ ಕೂತಿದ್ದೆ. ಮಧ್ಯಾಹ್ನ ಇಳಿಯುವಾಗ ಸವದತ್ತಿಯ ಸ್ಟ್ಯಾಂಡಿನಿಂದ ಅವ್ವನ ಫೋನು. ಗದ್ದಲದಲ್ಲಿ ದನಿ ಸಣ್ಣಗೆ ಕೇಳುತ್ತಿತ್ತು.

“ಎಲ್ಲಾ ಬಸ್ಸೂ ಆ ಅವ್ವನ ಕಡೇನ ಹೊಂಟಾವು,” ಎಂದಳು. “ನಮ್ಮವ್ವನ ಕಡೆ ಯಾವುದೂ ಇಲ್ಲ ತಂಗಿ. ನಾ ಹೊಳ್ಳಿ ಊರಿಗೆ ಹೊಕ್ಕೇನಿ.”

ಆ ಬುತ್ತಿಯನ್ನು ನಾವು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಉಂಡೆವು. ನಮ್ಮವರು ಅವತ್ತು ಒಂದೂ ಚೇಷ್ಟೆಯ ಮಾತಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಆಮೇಲೆ ಕಣ್ಣು ಬೇಗಬೇಗ ಇಳಿಯಿತು. ಫೋನಿನಲ್ಲಿ ಮುಖ ತೋರಿಸಿ ಮಾತಾಡುವಾಗ ಅವ್ವ ನನ್ನ ಕಡೆ ನೋಡದೆ ಪಕ್ಕದ ಗೋಡೆಯನ್ನು ನೋಡಿ ಮಾತಾಡತೊಡಗಿದಳು. ಜೋಳ ಹಸನು ಮಾಡುವಾಗ ಹರಳು ಆರಿಸುವುದು ಬೆರಳಿನಿಂದಲೇ ಎಂದು ತಮ್ಮನ ಹೆಂಡತಿ ಹೇಳಿದಳು. ಒಮ್ಮೆ ನಾನು ಹೋದಾಗ ಚಹಾದ ಬಟ್ಟಲನ್ನು ಅವ್ವನ ಮುಂದಿಟ್ಟೆ. ಆಕೆ ಕೈಯನ್ನು ನೆಲದ ಮೇಲೆ ಹರವಿ, ಒಲೆಯ ಬೂದಿ ಬಳಿದಂತೆ ನಿಧಾನವಾಗಿ ಬಳಸಿ ತಂದು ಬಟ್ಟಲನ್ನು ಹಿಡಿದಳು. ನಾನು ಏನೂ ಕಾಣದವಳಂತೆ ಹೊರಗೆ ಎದ್ದುಹೋದೆ. ಕೈಯವ್ವನ ಮಾತನ್ನು ಆಕೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮನೆಗೆ ಬಂದು ಚೀಲದ ನಿಂಬೆಹಣ್ಣು ಬದಲಾಯಿಸಿದೆ. ಇನ್ನೇನು ಮಾಡಲು ಬರುತ್ತಿತ್ತು ನನಗೆ.

ಕೊನೆಗೆ ಹೊರಡಿಸಿದವರು ನಮ್ಮವರು. ಈ ಬೇಸಿಗೆಯ ಒಂದು ಬುಧವಾರ, ನೀರಿನ ಪಾಳಿ ಇದ್ದ ದಿನವೇ, ಪಾಳಿಯನ್ನು ಬಿಟ್ಟು ಅಂಗಿ ಹಾಕಿಕೊಂಡು ನಿಂತರು. ಹಿಂದಿನ ದಿನವೇ ನನ್ನ ತಮ್ಮ ಅವ್ವನನ್ನು ತಂದು ಬಿಟ್ಟಿದ್ದ. ಆಗ ಆಕೆಗೆ ಬಾಗಿಲು ಯಾವ ಕಡೆ, ಗೋಡೆ ಯಾವ ಕಡೆ ಎಂಬಷ್ಟು ಬೆಳಕು ಮಾತ್ರ ತಿಳಿಯುತ್ತಿತ್ತು. ಮತ್ತೆ ಕಿಟಕಿಯ ಸೀಟಿಗೆ ಕೂರಿಸಿದೆ. ಯಾಕೆ ಕೂರಿಸಿದೆನೋ. ದಾರಿಯುದ್ದಕ್ಕೂ ಅವ್ವ ಏನೇನು ಕಾಣುತ್ತದೆ ಎಂದು ಕೇಳಿದಳು. ಕಬ್ಬು ಎಂದೆ. ಮತ್ತೆ ಕೇಳಿದಳು, ಕಡಲೆ ಕಿತ್ತ ಖಾಲಿ ಹೊಲ ಎಂದೆ. ಹೇಳುವವಳಿಗೆ ಇಷ್ಟು ಕಡಿಮೆ ಮಾತು ಬರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಮ್ಯೂಸಿಯಮ್ಮಿನ ಬಾಗಿಲು ತೆರೆದಿತ್ತು. ಅದೇ ಕಾವಲಿನವನು. ನಮ್ಮವರನ್ನು ಗುರುತಿಸಿ, “ಇವತ್ತ ಎತ್ತ ಬಿಟ್ಟ ಬಂದ್ರೇನ್ರಿ?” ಎಂದು ನಕ್ಕ. ಅವ್ವನನ್ನು ನೋಡಿದ ಮೇಲೆ ನಗು ನಿಲ್ಲಿಸಿ ದಾರಿ ಬಿಟ್ಟ. ಕತ್ತಿ, ಬಂದೂಕು, ಹಳೆಯ ಬಾಗಿಲುಗಳನ್ನೆಲ್ಲ ದಾಟಿ, ಅಕ್ಷತಾ ನಮ್ಮನ್ನು ಸೀದಾ ಕಲ್ಲುಗಳ ಕಡೆಗೆ ನಡೆಸಿದಳು. ಅಲ್ಲಿ, ಗೋಡೆಗೆ ಒರಗಿ, ಫೋಟೋದಲ್ಲಿದ್ದ ಕೈ.

ಅದರ ಕೆಳಗೆ ಒಂದು ಹಲಗೆ. ಅಕ್ಷತಾ ಫೋಟೋ ತೆಗೆಯುವಾಗ ಅದು ಚೌಕಟ್ಟಿನೊಳಗೆ ಬಂದಿರಲಿಲ್ಲ. ಕಲ್ಲಿನ ಹೆಸರು, ಕಾಲ, ಸಿಕ್ಕ ಊರು ಎಲ್ಲವನ್ನೂ ಚೆನ್ನಾಗಿ ಬರೆದಿದ್ದರು. ಊರು ಸುರೇಬಾನವಲ್ಲ. ನಾನು ಓದಿದೆ, ನಮ್ಮವರು ಓದಿದರು, ಅಕ್ಷತಾ ಓದಿ ತುಟಿ ಕಚ್ಚಿಕೊಂಡಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅಷ್ಟರಲ್ಲಿ ಅವ್ವನ ಕೈ ಮುಂದಕ್ಕೆ ಚಾಚಿತ್ತು.

ಮುಟ್ಟಬಾರದು ಎಂದು ಕಾವಲಿನವನು ಹೇಳಲು ಹೊರಟ.

“ಆಕಿ ನೋಡೂದ ಕೈಲೇ ರೀ,” ಎಂದರು ನಮ್ಮವರು.

ನೋಡಲಿ ಹಾಗಾದರೆ ಎಂದು ಅವನು ಪಕ್ಕಕ್ಕೆ ಸರಿದ.

ಅವ್ವ ಮೊದಲು ಅಂಗೈ ಮುಟ್ಟಿದಳು. ಬೆರಳುಗಳನ್ನು ಒಂದೊಂದಾಗಿ ಹಿಡಿದಳು. ಬಳೆಗಳ ಮೇಲೆ ಕೈಯಾಡಿಸಿದಳು. ಮುಖ ಅರಳಿತು. ನನ್ನ ಎದೆಯಲ್ಲಿ ಏನೋ ಆಸೆ. ಹಲಗೆಯೇ ತಪ್ಪಿರಬಾರದೇ ಎಂಬಂಥ ಆಸೆ. ಆಮೇಲೆ ಅವ್ವ ಬಗ್ಗಿ ಕಲ್ಲಿನ ಎಡ ಅಂಚನ್ನು ಮೇಲಿನಿಂದ ಕೆಳಗಿನವರೆಗೆ ಸವರಿದಳು. ಮತ್ತೊಮ್ಮೆ ಸವರಿದಳು. ಆ ಕಡೆಯ ಅಂಚನ್ನೂ ಸವರಿದಳು. ಕೈ ನಿಂತಿತು.

“ನಮ್ಮಾಕಿ ಅಲ್ಲ ಇಕಿ.”

ಹೇಗೆ ಹೇಳುತ್ತೀ ಎಂದು ಕೇಳಿದೆ.

“ಕುಡಗೋಲ ಮಸದ ಗುಣಿ ಇಲ್ಲ.”

ನಾನು ಇದನ್ನು ಕೇಳಿದ್ದು ಅವತ್ತೇ. ಸುಗ್ಗಿಯಲ್ಲಿ ಹೊಲಕ್ಕೆ ಬಂದ ಹೆಂಗಸರೆಲ್ಲ ಕೈಯವ್ವನ ಎಡ ಅಂಚಿಗೆ ಕುಡಗೋಲು ಮಸೆಯುತ್ತಿದ್ದರಂತೆ. ಅವ್ವನಿಗಿಂತ ಮೊದಲು ಅವ್ವನ ಅತ್ತೆ, ಅದಕ್ಕೂ ಮೊದಲು ಆಕೆಯ ಅತ್ತೆ. ಹೆಬ್ಬೆರಳು ಕೂರುವಷ್ಟು ಗುಣಿ ಬಿದ್ದಿತ್ತಂತೆ. ಮುಂದಿನಿಂದ ಎಣ್ಣೆ ಹಚ್ಚಿ ಕೈಮುಗಿಯುವುದು, ಪಕ್ಕದಲ್ಲಿ ಕುಡಗೋಲು ಮಸೆಯುವುದು. ಗಂಡಸರಿಗೆ ಗೊತ್ತಾದರೆ ದೇವರಿಗೆ ಅಪಚಾರ ಎಂದು ಬೈದಾರೆಂದು ಹೆಂಗಸರು ಬಾಯಿ ಬಿಟ್ಟಿರಲಿಲ್ಲ. ಫೋಟೋದಲ್ಲಿ ಕಂಡದ್ದು ಮುಂದಿನ ಮೈ ಮಾತ್ರ.

ರಾಮದುರ್ಗದ ಕಡೆಯಿಂದ ಬಂದ ಇಂಥ ಕಲ್ಲು ಬೇರೆ ಇವೆಯೇ ಎಂದು ನಮ್ಮವರು ಕೇಳಿದರು. ಕಾವಲಿನವನು ಯೋಚಿಸಿ, ತನಗೆ ಗೊತ್ತಿದ್ದಂತೆ ಇಲ್ಲ, ಬೇರೆ ಕಡೆಗೆ ಒಯ್ದಿರಬೇಕು ಎಂದ. ಒಯ್ದವರನ್ನು ಕೇಳಿ ನೋಡಿ ಎಂದೂ ಅಂದ. ಯಾರನ್ನು ಕೇಳುವುದು? ಲಾರಿಯವರೊಡನೆ ಮಾತಾಡಿದ ಅಪ್ಪ ಹೋಗಿ ಬಹಳ ಕಾಲವಾಯಿತು. ಅವರು ಕಿತ್ತೂರು ಎಂದಿದ್ದರೋ, ಅಥವಾ ಅಷ್ಟು ದೊಡ್ಡ ಮರ್ಯಾದೆಗೆ ತಕ್ಕ ಊರು ಅಪ್ಪನಿಗೆ ಗೊತ್ತಿದ್ದದ್ದು ಅದೊಂದೇ ಎಂದು ತಾನೇ ಹಾಗೆ ತಿಳಿದು ಹೇಳುತ್ತಿದ್ದನೋ. ಆ ಕಲ್ಲು ಈಗ ಯಾವ ಊರಿನ ಯಾವ ಕೋಣೆಯಲ್ಲಿ ಯಾರ ಮುಂದೆ ಕೈಯೆತ್ತಿ ನಿಂತಿದೆಯೋ. ಹುಡುಕಿದರೂ, ಯಾವ ಬಸ್ಸು ಹತ್ತಿ ಎಲ್ಲಿಗೆ ಹೋದರೂ, ನೋಡುವ ಕಣ್ಣು ಇನ್ನಿಲ್ಲ.

ನಡಿ ಹೋಗೋಣ ಎಂದು ಅವ್ವನ ರಟ್ಟೆ ಹಿಡಿದೆ. ಆಕೆ ಕದಲಲಿಲ್ಲ. ಒಂದು ಕೈ ಇನ್ನೂ ಆ ಕಲ್ಲಿನ ಅಂಗೈಯ ಮೇಲೇ ಇತ್ತು.

“ಇಕಿ ಯಾ ಊರಾಕಿ?”

ಹಲಗೆ ಓದಿ ಹೇಳಿದೆ. ನಮ್ಮಲ್ಲಿ ಯಾರೂ ಕಂಡು ಕೇಳದ ಊರು.

ಇವಳ ಕಡೆಯವರು ಯಾರಾದರೂ ನೋಡಲು ಬಂದಿದ್ದರೇ ಎಂದು ಅವ್ವ ಕಾವಲಿನವನನ್ನು ಕೇಳಿದಳು. ತಾನು ಕೆಲಸಕ್ಕೆ ಬಂದ ಮೇಲೆ ಯಾರೂ ಹಾಗೆ ಕೇಳಿಕೊಂಡು ಬಂದಿಲ್ಲ ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ.

ಅವ್ವ ನನ್ನ ಕಡೆಗೆ, ಅಂದರೆ ನನ್ನ ದನಿ ಬಂದ ಕಡೆಗೆ ತಿರುಗಿದಳು.

“ನಿನಗ ಎಲ್ಲಾ ಬಸ್ಸೂ ಗೊತ್ತದಾವಲ್ಲ. ಆ ಊರಿಂದ ಇಲ್ಲಿಗೆ ಬಸ್ ಐತೇನ?”

ನನಗೆ ಗೊತ್ತಿರಲಿಲ್ಲ. ಇರಬೇಕು ಎಂದೆ.

“ಇರಾಕಿಲ್ಲ ಬಿಡು,” ಎಂದಳು ಅವ್ವ, ಕಲ್ಲಿನಿಂದ ಕೈ ತೆಗೆಯುತ್ತ. “ಇದ್ದಿದ್ರ ಬರತಿದ್ರು.”